ಹನ್ನೊಂದನೆಯ ಸರದಿ

"ಲೋಕದಲ್ಲಿ ಹೆಂಡ್ತಿಯಾದವಳು ಗಂಡನ್ನ ಮನೆಗೆ ಕರೀತಾಳೆ. ನಮ್ಮನೆ ಮಹಾರಾಣಿ ಬಿರುಗಾಳಿ ಬಾಯಿಗೆ ಕಳಿಸ್ಕೊಟ್ಟು ಬಂದಿದಾಳೆ."

ಅತ್ತೆ ಇದನ್ನು ಹೇಳಿದ್ದು ಹೊಲಿಗೆ ಯಂತ್ರಕ್ಕೆ. ಸೊಸೆಯ ಜೊತೆ ಮಾತು ಬಿಟ್ಟ ದಿನದಿಂದ ಅವರ ಸಿಟ್ಟನ್ನೆಲ್ಲ ಕೇಳಿಸಿಕೊಳ್ಳುವ ಕರ್ಮ ಆ ಯಂತ್ರದ್ದು. ಸೊಸೆ ಒದ್ದೆ ಚಪ್ಪಲಿ ಬಿಟ್ಟು ಬಂದು, ಅತ್ತೆ ಹೊಲಿಯುತ್ತಿದ್ದ ಟಾರ್ಪಾಲಿನ ಇನ್ನೊಂದು ತುದಿ ಎತ್ತಿ ಹಿಡಿದಳು. ಮೂವತ್ತು ವರ್ಷ ಹಡಗಿನ ಸರಕಿಗೆ ಟಾರ್ಪಾಲು ಹೊಲಿದ ಕೈ ಅತ್ತೆಯದು. ಈಗ ಹೆಂಚು ಹಾರಿಹೋದ ಮನೆಗಳಿಗೆ ಹೊಲಿಯುತ್ತಿತ್ತು. ಮಾತಿಲ್ಲದಿದ್ದರೇನು, ಬಟ್ಟೆಯ ಎರಡು ತುದಿ ಹಿಡಿಯಲು ಇಬ್ಬರು ಬೇಕಲ್ಲ!

ಸೊಸೆಗೆ ಬಂದರಿನ ಗೋಪುರದಲ್ಲಿ ಕೆಲಸ. ವೈರ್‌ಲೆಸ್ಸಿನಲ್ಲಿ ಹಡಗುಗಳನ್ನು ಒಳಗೆ ಕರೆಯುವವಳೂ ಅವಳೇ, ಹೊರಗೆ ಕಳಿಸುವವಳೂ ಅವಳೇ. ದೊಡ್ಡ ಬಿರುಗಾಳಿ ಬರುತ್ತದೆಂದರೆ ಹಡಗುಗಳು ಧಕ್ಕೆಯ ಕಲ್ಲುಕಟ್ಟೆಗೆ ಕಟ್ಟಿಕೊಂಡು ನಿಲ್ಲಬಾರದು, ನಡುಸಮುದ್ರಕ್ಕೆ ಹೋಗಿಬಿಡಬೇಕು. ಕಟ್ಟಿದ ಹಡಗನ್ನು ಅಲೆ ಕಲ್ಲಿಗೆ ಬಡಿದು ಬಡಿದು ಒಡೆಯುತ್ತದೆ. ಇದು ಅತ್ತೆಗೆ ಗೊತ್ತಿಲ್ಲದ ಮಾತಲ್ಲ. ಎಷ್ಟೋ ಹೆಂಗಸರಿಗೆ ತಾವೇ ಬುದ್ಧಿ ಹೇಳಿದ್ದರು. ಆದರೆ ಸೊಸೆ ಹಗ್ಗ ಬಿಚ್ಚಿಸಿದ ಹನ್ನೊಂದು ಹಡಗುಗಳಲ್ಲಿ ಒಂದರ ಎಂಜಿನ್ ಕೋಣೆಯಲ್ಲಿ ಅವರ ಒಬ್ಬನೇ ಮಗನಿದ್ದ. ಬುದ್ಧಿಯೆಲ್ಲ ಊರವರ ಮಕ್ಕಳಿಗೆ... ಹೆತ್ತ ಕರುಳು ಯಾವ ನಿಯಮ ಓದೀತು?

ಗಾಳಿ ಒಂದೂವರೆ ದಿನ ಬೀಸಿತು. ಗೋಪುರದ ವೈರ್‌ಲೆಸ್ ಕಂಬ ಮುರಿಯಿತು. ಆಮೇಲೆ ಮೂರು ದಿನ ಯಾವ ಹಡಗಿನ ಸುದ್ದಿಯೂ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗೋಪುರದ ಕಾವಲುಗಾರ ಏದುಸಿರು ಬಿಡುತ್ತಾ ಬಂದ. ಕಂಬ ಮತ್ತೆ ನಿಂತಿದೆ, ಹಡಗುಗಳು ಕಾಣಿಸುತ್ತಿವೆ ಎಂದ. ಎಷ್ಟು ಎಂದು ಕೇಳಲು ಇಬ್ಬರಿಗೂ ಧೈರ್ಯವಿಲ್ಲ. ಓಡಿದರು. ಧಕ್ಕೆಯಲ್ಲಿ, ಹೊರಡುವುದಿಲ್ಲವೆಂದು ಹಟ ಹಿಡಿದು ನಿಂತಿದ್ದ ಹಡಗೊಂದು ಹೊಟ್ಟೆ ಬಿರಿದು ಮಲಗಿತ್ತು. ಅದರ ಮುಂದೆ ಅತ್ತೆಯ ಕಾಲು ಒಂದು ಗಳಿಗೆ ನಿಂತಿತು. ಆಮೇಲೆ ಗೋಪುರದ ಮೆಟ್ಟಿಲು ಹತ್ತಿದರು.

ಮೇಲಿನ ಕಿಟಕಿಯಿಂದ ಎಣಿಸಿದರು. ಹನ್ನೊಂದು. ಸಾಲದೆಂದು ಇನ್ನೊಮ್ಮೆ ಎಣಿಸಿದರು. ವೈರ್‌ಲೆಸ್ಸಿನಲ್ಲಿ ಮಗನ ದನಿ ಬಂತು, ತಾನು ಚೆನ್ನಾಗಿದ್ದೇನೆ, ಗಡ್ಡ ಮಾತ್ರ ಬೆಳೆದಿದೆ ಎಂದಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು.

ಆದರೆ ಮುಳುಗಿದ ದೋಣಿಗಳಿಂದ ಬಂದರಿನ ಬಾಯಿ ಕಿರಿದಾಗಿತ್ತು. ದಿನಕ್ಕೆ ನಾಲ್ಕೇ ಹಡಗು ಒಳಗೆ ಬರಬಹುದು. ಸೊಸೆ ಸರದಿ ಓದಿದಳು. ಮೊದಲು ಕುಡಿಯುವ ನೀರಿನದು, ಆಮೇಲೆ ಗಾಯಾಳುಗಳಿರುವುದು, ಆಮೇಲೆ ಅಕ್ಕಿಯದು... ಕೊನೆಗೆ ಮೂರು ಖಾಲಿ ಹಡಗು. ಆ ಮೂರರಲ್ಲೂ ಗಂಡನದನ್ನು ಕಟ್ಟಕಡೆಗೆ ಇಟ್ಟಿದ್ದಳು. ಹನ್ನೊಂದನೆಯದು. ಅಂದರೆ ನಾಡಿದ್ದು.

ಅತ್ತೆ ಮೈಕನ್ನು ಸೊಸೆಯ ಕೈಯಿಂದ ಕಿತ್ತುಕೊಂಡು ಗುಂಡಿ ಒತ್ತಿದರು. ಮಗನಿಗೆ ಏನೋ ಹೇಳಬೇಕೆಂದಿದ್ದರು. ಆದರೆ ಮಾತು ತಿರುಗಿದ್ದು ಸೊಸೆಯ ಕಡೆಗೆ.

"ನೀನು ಅವನನ್ನೇ ಮೊದಲು ಕರೆದಿದ್ರೆ ನಾನು ಕುಣಿದಾಡ್ತಿದ್ದೆ ಕಣೆ. ಆದ್ರೆ ಮುಂದಿನ ಗಾಳಿಗೆ ನಿನ್ನ ಮಾತು ಕೇಳಿ ಯಾವನೂ ಹಗ್ಗ ಬಿಚ್ತಿರಲಿಲ್ಲ."

"ಅತ್ತೆ, ಆ ಬೆರಳು..."

"ನಡುವೆ ಬಾಯಿ ಹಾಕ್ಬೇಡ. ಇಲ್ಲೇ ಕಟ್ಟಿಸಿದ್ರೆ ಅವನೂ ಆ ಹಡಗಿನ ಹಾಗೆ ಬಿರಿದು ಬಿದ್ದಿರ್ತಿದ್ದ. ನಂಗೆ ಮೊದಲ ದಿನವೇ ಗೊತ್ತಿತ್ತು. ಒಪ್ಕೊಳ್ಳೋಕೆ ನಾಲಿಗೆ ಏಳಲಿಲ್ಲ. ನೀನು ಎರಡು ರಾತ್ರಿ ಬಚ್ಚಲಲ್ಲಿ ನೀರು ಬಿಟ್ಕೊಂಡು ಅತ್ತಿದ್ದೂ ಕೇಳಿಸ್ತು. ಎದ್ದು ಬರಲಿಲ್ಲ ನಾನು. ಕಲ್ಲು ನಾನು..."

ಸೊಸೆಯ ಕಣ್ಣು ತುಂಬಿತು. ಆದರೂ ಮೆಲ್ಲನೆ ಅತ್ತೆಯ ಕೈ ಹಿಡಿದಳು. "ಅತ್ತೆ, ಬೆರಳು ತೆಗೀರಿ. ಅದನ್ನ ಒತ್ತಿದ್ರೆ ಎಲ್ಲಾ ಹಡಗಿಗೂ ಕೇಳಿಸುತ್ತೆ."

ಬೆರಳು ಎದ್ದಿತು. ವೈರ್‌ಲೆಸ್ ಪೆಟ್ಟಿಗೆ ಗರಗರ ಎಂದಿತು. ಆಮೇಲೆ ನೀರಿನ ಹಡಗಿನ ಮುದಿ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ತಾಯೀ, ಬೇಕಿದ್ರೆ ನಮ್ಮ ಸರದಿ ನಿಮ್ಮ ಮಗನಿಗೆ ಬಿಟ್ಕೊಡ್ತೀವಿ."

"ಸುಮ್ನೆ ನೀರು ತಗೊಂಡು ಬಾರಪ್ಪ," ಎಂದರು ಅತ್ತೆ, ಮತ್ತೆ ಗುಂಡಿ ಒತ್ತಿ. "ಊರಿನ ಗಂಟಲು ಒಣಗಿದೆ. ಇಪ್ಪತ್ತೆಂಟು ವರ್ಷ ಸಾಕಿದೀನಿ ಅವನನ್ನ, ಇನ್ನೆರಡು ದಿನ ಕಾಯೋಕಾಗಲ್ವಾ?"

"ಅಮ್ಮಾ," ಮಗನ ದನಿ ಬಂತು. "ಹೆಂಡ್ತಿ ಹತ್ರ ಒಂದು ಮಾತಾಡೋಕಾದ್ರೂ ಬಿಡ್ತೀಯಾ, ಅದಕ್ಕೂ ನಾಡಿದ್ದೇನಾ?"

ಹತ್ತು ಹಡಗುಗಳ ನಗೆ ಒಟ್ಟಿಗೇ ನುಗ್ಗಿ ಪೆಟ್ಟಿಗೆ ಕರಕರ ಎಂದಿತು. ಅತ್ತೆ ಮೈಕನ್ನು ಸೊಸೆಯ ಅಂಗೈಯಲ್ಲಿಟ್ಟು, ಕಿಟಕಿಯ ಕಡೆಗೆ ಮುಖ ತಿರುಗಿಸಿ ನಿಂತರು.

ದೂರದಲ್ಲಿ ನೀರಿನ ಹಡಗು ಲಂಗರು ಎತ್ತಿತು.