ಬೇಡ ಎಂದ ಪೆಟ್ಟಿಗೆ

ಅವನ ತುಟಿ ಮುಚ್ಚಿತ್ತು. ಮೇಜಿನ ಮೇಲಿದ್ದ ಪೆಟ್ಟಿಗೆಯೊಳಗಿಂದ ಮಾತ್ರ ಅವನದೇ ದನಿ ಬಂತು: "ಬೇಡ. ಬೇಡ. ಬೇಡ. ಬೇಡ."

ಮಟಮಟ ಮಧ್ಯಾಹ್ನ. ಅವನ ಗಂಟಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಆ ದನಿ ಅವನ ಕೊರಳಲ್ಲಿ ಇನ್ನೆಂದೂ ಹುಟ್ಟುವಂತಿರಲಿಲ್ಲ.

ನಮ್ಮ ಲ್ಯಾಬ್‌ನಲ್ಲಿ ಮಾತು ಕಳೆದುಕೊಂಡವರಿಗೆ ದನಿಪೆಟ್ಟಿಗೆ ಮಾಡುತ್ತೇವೆ. ಅದರೊಳಗಿನ ಸರ್ಕ್ಯೂಟ್ ಬೋರ್ಡ್ ನನ್ನ ಸಹೋದ್ಯೋಗಿಯಾದ ಅವನದು, ಬೋರ್ಡಿಗೂ ಕಂಪ್ಯೂಟರಿಗೂ ನಂಟು ಬೆಸೆಯುವ ಡ್ರೈವರ್ ಕೋಡ್ ನನ್ನದು. "ಡ್ರೈವರ್ ಅಂದ್ರೆ ಯಾವ ಬಸ್ಸೇ?" ಎಂದು ನನ್ನ ಚಿಕ್ಕಮ್ಮ ಕೇಳಿದ ದಿನದಿಂದ ಅವನ ಬಾಯಲ್ಲಿ ನಾನು ಡ್ರೈವರಮ್ಮ.

ಆಪರೇಷನ್ನಿನ ಹಿಂದಿನ ದಿನ ನಾನೇ ನಾಚಿಕೆ ಬಿಟ್ಟು ಕೇಳಿದ್ದೆ, "ನನ್ನ ಮದುವೆ ಆಗ್ತೀಯಾ?" ಅವನು ಕಣ್ಣಲ್ಲೇ ನಕ್ಕು, ಪೆಟ್ಟಿಗೆ ತಬ್ಬಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದವನು, "ಉತ್ತರ ಇದ್ರ ಚಿಪ್ಪಲ್ಲಿ ರೆಕಾರ್ಡ್ ಮಾಡಿದೀನಿ. ನಿನ್ನ ಕೋಡ್ ಮುಗಿದ ದಿನ ಕೇಳು, ಸೋಮಾರಿ" ಎಂದ. ಅವನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಇವತ್ತು ಕೋಡ್ ಮುಗಿದಿತ್ತು. ಅವನು ನನ್ನತ್ತ ನೋಡದೆ ಒಂದು ಚೀಟಿ ಬರೆದು ಸರಿಸಿದ: "ಕೇಳಿಸ್ತಲ್ಲ? ಅದೇ ಉತ್ತರ. ಬೇಡ."

ಪೆಟ್ಟಿಗೆಯ ದನಿಯನ್ನು ಇನ್ನೊಮ್ಮೆ ಹಾಕಿದೆ. ಬೇಡ. ಬೇಡ. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ನಡುವೆ ಉಸಿರೂ ಇಲ್ಲ. ಯಾರೋ ಒಳಗೆ ಸಿಕ್ಕಿಹಾಕಿಕೊಂಡು ಬಾಗಿಲು ಬಡಿಯುತ್ತಿದ್ದ ಹಾಗಿತ್ತು. ಮನುಷ್ಯರು ಹೀಗೆ ಬೇಡ ಅನ್ನುವುದಿಲ್ಲ.

"ತಪ್ಪು ನಂದು ಕಣೋ" ಎಂದೆ.

ಶುರುವಿನಲ್ಲಿ ಸ್ವಲ್ಪ ಖಾಲಿ ಜಾಗ ಬೇಕೆಂದು, ಮೆಮೊರಿಯಲ್ಲಿದ್ದ ದನಿಯನ್ನು ಒಂದು ಪದದಷ್ಟು ಆಚೆ ಸರಿಸಲು ನಾನು ಮೆಮ್‌ಕಾಪಿ ಎಂಬ ಆದೇಶ ಬಳಸಿದ್ದೆ. ಅದು ಮೊದಲಿನಿಂದ ಕಣ್ಣುಮುಚ್ಚಿ ನಕಲು ಮಾಡುತ್ತಾ ಹೋಗಿತ್ತು. ಹಳೆಯ ಜಾಗದ ಮೇಲೇ ಹೊಸ ಜಾಗ ಬಂದರೆ, ಮೊದಲ ಪದ ಎರಡನೆಯದನ್ನು ಅಳಿಸಿ ಅಲ್ಲಿ ಕೂರುತ್ತದೆ, ಆಮೇಲೆ ಮೂರನೆಯದನ್ನು; ಕೊನೆಗೆ ಎಲ್ಲೆಲ್ಲೂ ಮೊದಲ ಪದವೊಂದೇ ಉಳಿಯುತ್ತದೆ. ತುಂಬಿದ ಬೆಂಚಿನಲ್ಲಿ ಕೊನೆಯವರು ಮೊದಲು ಸರಿಯಬೇಕಲ್ಲ? ಹಾಗೆ ನೋಡಿಕೊಂಡು ಸರಿಸುವ ಆದೇಶ ಮೆಮ್‌ಮೂವ್. ಪುಣ್ಯಕ್ಕೆ ಮೂಲ ದನಿ ಚಿಪ್‌ನಲ್ಲಿ ಹಾಗೇ ಇತ್ತು.

ಕೋಡಿನಲ್ಲಿ ಆ ಒಂದು ಆದೇಶ ಬದಲಿಸುವಾಗ ಅವನು ನನ್ನ ಮಣಿಕಟ್ಟು ಹಿಡಿದು ಬೇಡವೆಂಬಂತೆ ತಲೆಯಲ್ಲಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು.

"ಬಿಡು" ಎಂದು ಗುಂಡಿ ಒತ್ತಿದೆ. ಈ ಸಲ ಪೆಟ್ಟಿಗೆ ಪೂರ್ತಿ ಮಾತಾಡಿತು:

"ಬೇಡ ಅಂತ ಆಮೇಲೆ ನಾನು ಬರೆದು ತೋರಿಸಿದ್ರೆ ನಂಬಬೇಡ, ಡ್ರೈವರಮ್ಮ. ನಿಂಗೆ ಭಾರ ಆಗ್ತೀನಿ ಅಂತ ಆಗ ನಂಗೆ ಹೆದರಿಕೆ ಆಗಿರತ್ತೆ. ನಂಗೆ ನೀನು ಬೇಕು. ಆ ಚೀಟಿ ಹರಿದು ಹಾಕು."

ಎರಡು ತಿಂಗಳ ಹಿಂದಿನ ಅವನು ನಮ್ಮ ಬೆನ್ನ ಹಿಂದೆಯೇ ನಿಂತು ಈ ಚೀಟಿ ಓದುತ್ತಿದ್ದಾನೆ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ನಿಮ್ಮಿಬ್ರಲ್ಲಿ ಯಾರ ಮಾತು ಕೇಳ್ಲಿ?" ಎಂದೆ.

ಅವನು ಕೈ ಚಾಚಿ ಚೀಟಿ ತೆಗೆದುಕೊಂಡು, ತಾನೇ ಹರಿದ.