ಎತ್ತದ ಕೈಗಳು

ವಿಮರ್ಶಾ ಪಾಠದ ದಿನ ಎಲ್ಲರೆದುರು ಎದ್ದು ನಿಂತು ನನ್ನ ತಪ್ಪು ಹೇಳಿದವನು ಮಹೇಶ್ವರಪ್ಪ. ೧೯೭೯ರ ಮಾತು. ಹೊನ್ನಾಳಿಯಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದೆವು. ಒಬ್ಬರು ಮಕ್ಕಳಿಗೆ ಪಾಠ ಮಾಡಬೇಕು, ಉಳಿದ ಮೂವತ್ತೊಂಬತ್ತು ಜನ ಹಿಂದೆ ಕೂತು ಕುಂದು ಹುಡುಕಬೇಕು. ಅದೇ ಪದ್ಧತಿ. ಪದ್ಧತಿಯಾದರೇನು, ಮೈ ಉರಿಯದೆ ಇರುತ್ತದೆಯೇ?

"ರೊಟ್ಟಿ ಮುರಿದು ಅರ್ಧ, ಕಾಲು ಹೇಳಿಕೊಟ್ಟಿದ್ದು ಚೆನ್ನಾಗೈತೆ," ಎಂದ. "ಆದ್ರೆ ನಲವತ್ತು ನಿಮಿಷದಾಗೆ ಹೊನ್ನೂರಮ್ಮನವರು ಒಂದ್ಸಲನೂ ಕೊನೇ ಸಾಲಿನ ಕಡೆ ನೋಡ್ಲಿಲ್ಲ."

ಅದು ನಿಜವಾಗಿತ್ತು. ಅದಕ್ಕೇ ಹೆಚ್ಚು ಸಿಟ್ಟು ಬಂತು. ನಮ್ಮೂರು ಸೊಕ್ಕೆಯ ಶಾಲೆಯಲ್ಲಿ ಕೊನೇ ಸಾಲಿನಲ್ಲಿ, ನಮ್ಮ ಕೇರಿಯವರಿಗೆಂದು ಬಿಟ್ಟ ಗೋಡೆಯ ಪಕ್ಕ ಕೂತು ಓದಿದವಳು ನಾನು. ಅದನ್ನು ಬಸವಾಪಟ್ಟಣದ ಅಡಿಕೆ ವ್ಯಾಪಾರಿಯ ಮಗ ನನಗೆ ನೆನಪಿಸಬೇಕಾಯಿತು.

ವರಾಂಡದಲ್ಲಿ ಅಡ್ಡಗಟ್ಟಿದೆ. "ನೀವು ಪಾಠ ನೋಡ್ತಿದ್ರೋ, ನನ್ನ ಕಣ್ಣು ನೋಡ್ತಿದ್ರೋ?"

"ಕಣ್ಣು ಎಲ್ಲೆಲ್ಲಿ ಹೋಗ್ತವೆ ಅಂತ ಬರ್ಕಬೇಕಲ್ರೀ. ಅದಕ್ಕೂ ಐದು ಅಂಕ ಐತೆ."

"ಕೊನೇ ಸಾಲು ಬಿಟ್ರೆ ಇನ್ನೆಲ್ಲಿ ಹೋಗ್ಲಿಲ್ಲ?"

"ನಾನೂ ಅದರ ಹಿಂದೇನೇ ಕೂತಿದ್ದೆ," ಎಂದ. ಹೇಳಿದ ಮೇಲೆ ತಾನೇ ಕಿವಿಯವರೆಗೂ ಕೆಂಪಾದ. ಬೈಯಲು ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ನನಗೆ ಮರೆತುಹೋಯಿತು.

ಮುಂದಿನ ತಿಂಗಳು ಇಬ್ಬರನ್ನೂ ಜೋಡಿ ಹಾಕಿ ಹೊಳೆಯಾಚೆಯ ಹಳ್ಳಿ ಶಾಲೆಗೆ ಕಳಿಸಿದರು. ಮೂರನೇ ಕ್ಲಾಸು. ನಾನು ಪಾಠ ಮಾಡುವಾಗ ಅವನು ಹಿಂದೆ ಕೂತು ವೀಕ್ಷಣೆ ಪುಸ್ತಕ ಬರೆಯಬೇಕು, ಅವನು ಮಾಡುವಾಗ ನಾನು. ನಮ್ಮ ತರಬೇತಿ ಶಾಲೆಯ ಮುಖ್ಯಸ್ಥರು ತಿಪ್ಪೇರುದ್ರಸ್ವಾಮಿಯವರು ಅದಕ್ಕೆ ವಾರಕ್ಕೊಮ್ಮೆ ಓದದೆ ಸಹಿ ಹಾಕುತ್ತಿದ್ದರು. ಓದದೆ ಇದ್ದದ್ದೇ ನಮ್ಮ ಪುಣ್ಯ.

"ಧ್ವನಿ ಸ್ಪಷ್ಟ. ಪಾಠದ ಮಧ್ಯೆ ನಗು ಅನವಶ್ಯಕ. ಆದರೂ ಇರಲಿ," ಎಂದು ಅವನು ಬರೆದ.

"ಕಪ್ಪು ಹಲಗೆಯ ಬರಹ ಅಂದ. ಶಿಕ್ಷಕರ ಬೆನ್ನ ಮೇಲೆ ಸೀಮೆಸುಣ್ಣ. ಮನೆಯಲ್ಲಿ ಹೇಳುವವರು ಯಾರೂ ಇಲ್ಲವೆಂದು ಕಾಣುತ್ತದೆ," ಎಂದು ನಾನು ಬರೆದೆ.

"ಸದ್ಯಕ್ಕೆ ಇಲ್ಲ," ಎಂದು ಅದರ ಕೆಳಗೇ ಬರೆದು ಹಿಂತಿರುಗಿಸಿದ.

ಪುಸ್ತಕ ಎದೆಗೊತ್ತಿಕೊಂಡು ಹಾಸ್ಟೆಲಿಗೆ ಬಂದೆ. ಪ್ರೀತಿಯೆಂದು ಹೆಸರಿಡಲು ಧೈರ್ಯವಿರಲಿಲ್ಲ, ಆದರೆ ಅದು ಪ್ರೀತಿಯೇ. ನಾನು ದಡ್ಡಿಯೇನಲ್ಲ.

ಆ ಕ್ಲಾಸಿನಲ್ಲಿ ಓಬವ್ವ ಎಂಬ ಹುಡುಗಿಯಿದ್ದಳು. ವಾರಕ್ಕೆ ಮೂರು ದಿನ ಆಡು ಕಾಯಲು ಹೋಗುತ್ತಿದ್ದಳು. ಅರ್ಧಕ್ಕಿಂತ ಕಾಲು ದೊಡ್ಡದು ಎಂದು ಅವಳ ವಾದ, ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬುದು ಅವಳ ಲೆಕ್ಕ. ಅದನ್ನು ಬಿಡಿಸಲು ನಾವಿಬ್ಬರೂ ಸೇರಿ ಎಷ್ಟು ರೊಟ್ಟಿ ಮುರಿದೆವೋ. ವಾಪಸು ಬರುವಾಗ ಹೊಳೆಯ ದಂಡೆಯುದ್ದಕ್ಕೂ ಅದೇ ಮಾತು.

"ಶಿಕ್ಷಕರ ಕರ್ತವ್ಯ ಅಂತ ಹದಿನೆಂಟು ಅಂಶ ಬಾಯಿಪಾಠ ಮಾಡಿದೀವಿ," ಎಂದ ಒಮ್ಮೆ. "ಗೊತ್ತಿಲ್ಲದ ಮಗೂನ ಏನು ಮಾಡ್ಬೇಕು ಅಂತ ಒಂದ್ರಾಗೂ ಇಲ್ಲ ನೋಡ್ರಿ."

"ಗೊತ್ತಿರೋರಿಗೆ ಮೇಷ್ಟ್ರು ಯಾಕೆ ಬೇಕು? ಗೊತ್ತಿಲ್ಲ ಅನ್ನೋರಿಗೇ ಅಲ್ವಾ ನಮ್ಮ ಸಂಬಳ," ಎಂದೆ. ಅವನು ನಿಂತು ನನ್ನನ್ನೇ ನೋಡಿದ. ಆ ನೋಟಕ್ಕೆ ಯಾವ ಪುಸ್ತಕದಲ್ಲೂ ಕಾಲಂ ಇರಲಿಲ್ಲ.

ಅದೇ ಮಕ್ಕಳಿಗೆ ಪಾಠ ಮಾಡಿ ತೋರಿಸುವ ಅಂತಿಮ ಪರೀಕ್ಷೆಗೆ ವಾರವಿತ್ತು. ತಿಪ್ಪೇರುದ್ರಸ್ವಾಮಿಯವರು ಎಲ್ಲರನ್ನೂ ಕೂರಿಸಿ ಪ್ರತಿ ವರ್ಷದ ಉಪಾಯ ಹೇಳಿಕೊಟ್ಟರು. ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದ ಮಕ್ಕಳು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಹೊರಗಿನಿಂದ ಬರುವ ಪರೀಕ್ಷಕರಿಗೆ ಇಡೀ ಕ್ಲಾಸು ಕೈ ಎತ್ತಿದಂತೆ ಕಾಣುತ್ತದೆ. ನಾವು ಬಲಗೈಯವರನ್ನಷ್ಟೇ ಕೇಳಿದರಾಯಿತು. ತೀರಾ ಹಿಂದುಳಿದವರನ್ನು ಆ ದಿನ ಮನೆಯಲ್ಲೇ ಇರಿಸಿ ಎಂದೂ ಸೇರಿಸಿದರು.

"ನಾನು ಮಾಡಲ್ಲ ಸಾರ್," ಎಂದೆ.

"ಫೇಲಾಗ್ತೀಯಮ್ಮ."

ಫೇಲಾದರೆ ಏನೆಂದು ನನ್ನ ಪೆಟ್ಟಿಗೆಯಲ್ಲಿದ್ದ ಅಪ್ಪನ ಕಾಗದದಲ್ಲಿ ಬರೆದಿತ್ತು. ಪಾಸಾದರೆ ಕೆಲಸ, ನನ್ನ ದಾರಿ ನನಗೆ. ಇಲ್ಲದಿದ್ದರೆ ಶ್ರಾವಣದಲ್ಲಿ ಸೋದರಮಾವ ದೊಡ್ಡಣ್ಣನ ಜೊತೆ ಮದುವೆ. ಮಾವ ಕೆಟ್ಟವನಲ್ಲ. ನನಗೆ ಬೇಡ, ಅಷ್ಟೇ. ಹೊಳೆಯ ದಂಡೆಯಲ್ಲಿ ಇದನ್ನೆಲ್ಲ ಮಹೇಶ್ವರಪ್ಪನಿಗೆ ಹೇಳಿದ್ದೆ.

ಮಹೇಶ್ವರಪ್ಪ ಹಿಂದೆಯೇ ಬಂದ. "ಒಂದಿನದ ಮಾತು ಕಣ್ರೀ. ಮೊದ್ಲು ಕೆಲಸ ಸಿಗ್ಲಿ. ಆಮೇಲೆ ನಮ್ಮ ಮನಸಿಗೆ ಬಂದಂಗೆ ಪಾಠ ಮಾಡಾನ."

"ಗೊತ್ತಿಲ್ಲದಿದ್ರೂ ಕೈ ಎತ್ತು ಅಂತ ಓಬವ್ವಂಗೆ ನೀವು ಹೇಳ್ತೀರಾ?"

"ನಿಮ್ಮನ್ನ ಆ ಮಾವಂಗೆ ಕೊಡೋದು ನನ್ನ ಕೈಲಿ ನೋಡಾಕೆ ಆಗಲ್ಲ," ಎಂದ. ಇಷ್ಟು ದಿನ ಕೇಳಬೇಕೆಂದಿದ್ದ ಮಾತು, ಬರಬಾರದ ಹೊತ್ತಿನಲ್ಲಿ ಬಂತು. ನಾನು ತಿರುಗಿ ನೋಡದೆ ನಡೆದೆ.

ಪರೀಕ್ಷಕಿ ಶಾಂತಾದೇವಿ ದಪ್ಪ ಕನ್ನಡಕದ, ಮಾತು ಕಡಿಮೆಯ ಹೆಂಗಸು. ಓಬವ್ವನನ್ನು ನಾನೇ ಹೋಗಿ ಕರೆತಂದಿದ್ದೆ. "ಗೊತ್ತಿಲ್ಲದೋರು ಕೈ ಎತ್ತಬ್ಯಾಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಪಾಠ ಶುರುಮಾಡಿದೆ. ಮೊದಲ ಪ್ರಶ್ನೆಗೆ ಹನ್ನೊಂದು ಕೈ ಮೇಲೆದ್ದವು. ಹದಿನಾಲ್ಕು ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಿಪ್ಪೇರುದ್ರಸ್ವಾಮಿಯವರು ಹಣೆ ಉಜ್ಜಿಕೊಂಡರು.

ನಾನು ಆ ಹದಿನಾಲ್ಕು ಮಕ್ಕಳ ಹತ್ತಿರ ಹೋಗಿ ಕೂತೆ. ರೊಟ್ಟಿ ಮುರಿದೆವು, ತಪ್ಪಿದೆವು, ಮತ್ತೆ ಜೋಡಿಸಿದೆವು. "ಭಾಗ ಹೆಚ್ಚಾದಂಗೆ ಚೂರು ಸಣ್ಣದಾಗ್ತೈತೆ ಅಕ್ಕ," ಎಂದು ಓಬವ್ವ ನಿಧಾನವಾಗಿ ಹೇಳುವ ಹೊತ್ತಿಗೆ ಗಂಟೆ ಹೊಡೆಯಿತು. ಪಾಠ ಯೋಜನೆಯಲ್ಲಿ ಅರ್ಧ ಹಾಗೆಯೇ ಉಳಿದಿತ್ತು. ನನಗೆ ಅಳು ಬರಲಿಲ್ಲ. ಹೆಮ್ಮೆಯೇ ಬಂತು.

ಮುಂದಿನ ಪಾಠ ಮಹೇಶ್ವರಪ್ಪನದು. ಪ್ರಶ್ನೆ ಕೇಳಿದ. ಇಪ್ಪತ್ತೈದೂ ಕೈ ಒಟ್ಟಿಗೆ ಮೇಲೆದ್ದವು. ಓಬವ್ವನ ಎಡಗೈ ಎಲ್ಲರಿಗಿಂತ ಎತ್ತರದಲ್ಲಿತ್ತು. ಅವನು ಅದನ್ನು ನೋಡಿದ, ನೋಡಿ ಬೇರೆಯವರನ್ನು ಕೇಳಿದ. ನನಗೆ ಅವನ ಮೇಲಿದ್ದ ಪ್ರೀತಿ ಆ ಕ್ಷಣಕ್ಕೆ ಸತ್ತೇಹೋಯಿತು ಎಂದುಕೊಂಡೆ.

ಮಧ್ಯಾಹ್ನ ಮುಖ್ಯಸ್ಥರ ಕೋಣೆಗೆ ಕರೆ ಬಂತು. ಶಾಂತಾದೇವಿ ಒಂದು ಪಕ್ಕ ಅಂಕಪಟ್ಟಿ ತುಂಬುತ್ತಿದ್ದರು. ನನ್ನ ಮುಂದೆ ಒಂದು ಹಾಳೆ ಸರಿಸಲಾಯಿತು. ಮುಖ್ಯಸ್ಥರ ಸೂಚನೆ ಮೀರಿದ್ದು ತಪ್ಪು, ಕ್ಷಮಿಸಬೇಕು ಎಂದು ಅದರಲ್ಲಿತ್ತು.

"ಸೈನ್ ಮಾಡಮ್ಮ. ಆಂತರಿಕ ಅಂಕದಾಗೆ ಸರಿ ಮಾಡ್ತೀನಿ. ಮನೆ ಕಷ್ಟ ಗೊತ್ತೈತೆ ನಂಗೆ."

ಅವರು ನಿಜವಾಗಿಯೂ ಕನಿಕರದಿಂದಲೇ ಹೇಳಿದರು. ಶ್ರಾವಣ ಕಣ್ಣ ಮುಂದೆ ಬಂತು. ನಾನು ಪೆನ್ನು ಮುಟ್ಟಲಿಲ್ಲ. "ತಪ್ಪು ಮಾಡಿದ್ರೆ ಬರೀತಿದ್ದೆ ಸಾರ್."

ಆಗ ಕರೆಯದೆ ಒಳಗೆ ಬಂದವನು ಮಹೇಶ್ವರಪ್ಪ. ನನ್ನತ್ತ ನೋಡದೆ ನೇರ ಪರೀಕ್ಷಕಿಯ ಎದುರು ನಿಂತ.

"ಮೇಡಂ, ನನ್ನ ಪಾಠದಾಗೆ ಎಡಗೈ ಎತ್ತಿದ ಮಕ್ಕಳಿಗೆ ಏನೂ ಗೊತ್ತಿರ್ಲಿಲ್ಲ. ಹಂಗೆ ಎತ್ತಿ ಅಂತ ನಾನೇ ಹೇಳಿದ್ದೆ."

"ಗೊತ್ತು," ಎಂದರು ಶಾಂತಾದೇವಿ. "ಇಪ್ಪತ್ತು ವರ್ಷದಿಂದ ಆ ಎಡಗೈ ನೋಡ್ತಾ ಬಂದಿದೀನಿ. ಹೀಗೆ ಬಂದು ಹೇಳಿದೋರು ಮಾತ್ರ ಯಾರೂ ಇಲ್ಲ."

ಕನ್ನಡಕ ತೆಗೆದು ಒರೆಸಿದರು. ಕರಗಿದರೆಂದುಕೊಂಡೆ. ಕರಗಲಿಲ್ಲ. ನನ್ನ ಪಾಠ ಮುಗಿದಿರಲಿಲ್ಲ, ಆದ್ದರಿಂದ ಫೇಲು. ಅವನದು ಪಾಠವೇ ಆಗಿರಲಿಲ್ಲ, ಆದ್ದರಿಂದ ಮೊದಲ ರ‍್ಯಾಂಕಿನ ಅಂಕ ಹೊಡೆದುಹಾಕಿ ಅವನೂ ಫೇಲು. ಇಬ್ಬರೂ ಅಕ್ಟೋಬರ್‌ನಲ್ಲಿ ಮತ್ತೆ ಕೂರಬೇಕು. ನನ್ನನ್ನು ನಿಜವಾದ ಕಾರಣಕ್ಕೆ ಫೇಲು ಮಾಡಿದ್ದರು, ಅವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಚೀಲ ಹಿಡಿದು ನಿಂತಿದ್ದ.

"ಬಸವಾಪಟ್ಟಣದ ಬಸ್ಸು ಆ ಕಡೆ ನಿಲ್ತೈತೆ," ಎಂದೆ.

"ನಾನು ನಿಮ್ಮ ಜಗಳೂರು ಬಸ್ಸಿಗೆ ಬಂದಿರೋದು."

"ನನಗೋಸ್ಕರ ಫೇಲಾದೆ ಅಂತ ಹೇಳಾಕೆ ಬಂದಿದ್ರೆ ಬರಬ್ಯಾಡ್ರಿ."

"ನಿಮಗೋಸ್ಕರ ಅಲ್ಲ. ಆ ಹುಡುಗಿ ಕೈ ಎತ್ತಿದ್ಲಲ್ಲ, ನನ್ನ ನಂಬಿ ಎತ್ತಿದ್ಲು. ಅದನ್ನ ನೋಡಿದ ಮೇಲೆ ಅನ್ನ ಇಳೀಲಿಲ್ಲ," ಎಂದ. ಚೀಲ ಹೆಗಲಿಗೇರಿಸಿ, "ಸೊಕ್ಕೆಗೆ ಬರ್ತಿರೋದು ಮಾತ್ರ ನಿಮಗೋಸ್ಕರ," ಎಂದ.

ನಾನು ಕಿಟಕಿಯ ಪಕ್ಕ ಕೂತೆ. ಪಕ್ಕದ ಸೀಟಿನಿಂದ ನನ್ನ ಚೀಲ ತೆಗೆದುಕೊಂಡೆ. ದಾರಿಯುದ್ದಕ್ಕೂ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮನೆ ಮುಟ್ಟಿದಾಗ ಅಪ್ಪ ಚಿಕ್ಕಹನುಮಂತಪ್ಪ ಬಾಗಿಲಲ್ಲಿದ್ದ. ಒಳಗೆ ಮಾವ ಊಟಕ್ಕೆ ಕೂತಿದ್ದ.

"ಪಾಸಾ?"

"ಇಲ್ಲಪ್ಪ. ಫೇಲು."

ಅಪ್ಪ ನನ್ನ ಹಿಂದೆ ನಿಂತವನನ್ನು, ಅವನ ಹಣೆಯ ವಿಭೂತಿಯನ್ನು, ನಮ್ಮ ಕೇರಿಯ ಧೂಳು ಮೆತ್ತಿದ್ದ ಅವನ ಚಪ್ಪಲಿಯನ್ನು ನೋಡಿದ. "ಇವರ‍್ಯಾರು?"

"ಇವರೂ ಫೇಲು," ಎಂದೆ. "ಇವರನ್ನೇ ಮದುವೆ ಆಗ್ತೀನಿ."

ಒಳಗೆ ಮಾವನ ಕೈ ತಟ್ಟೆಯಲ್ಲೇ ನಿಂತಿತು. ಮಹೇಶ್ವರಪ್ಪ ನನ್ನತ್ತ ತಿರುಗಿದ. ಆ ಮಾತನ್ನು ಅವನೂ ಅದೇ ಮೊದಲು ಕೇಳಿದ್ದು. ಆಮೇಲೆ ಅಪ್ಪನಿಗೆ ಕೈ ಮುಗಿದ.

"ಅಕ್ಟೋಬರ್‌ನಾಗೆ ಪರೀಕ್ಷೆ ಐತೆ," ಎಂದ. "ಅದರ ಮುಂದಿನ ವಾರ ಇಟ್ಕಂಡ್ರೆ ಇಬ್ರಿಗೂ ಅನುಕೂಲ ಆಗ್ತೈತೆ."