ತಾನೇ ಸರಿದ ಚಿಲಕ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದರ್ಜಿ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹಿಂದಿನ ಬಾಗಿಲ ಚಿಲಕ ತಾನೇ ತೆಗೆದುಕೊಳ್ಳುತ್ತೆ ಸಾರ್. ಒಳಗಿಂದ ನಾನೇ ಹಾಕಿರ್ತೀನಿ."

"ಯಾವಾಗ?" ಇನ್ಸ್‌ಪೆಕ್ಟರ್ ಕೇಳಿದರು.

"ಹಾಡಹಗಲಲ್ಲಿ. ಹೊಲಿಗೆ ಮಿಷನ್ ನಿಲ್ಲಿಸಿ ಸ್ವಲ್ಪ ಅಡ್ಡಾದ್ರೆ ಸಾಕು."

"ಏನು ಕಳುವಾಗಿದೆ?"

"ಒಂದು ಸೂಜಿನೂ ಹೋಗಿಲ್ಲ. ಅದಕ್ಕೇ ಭಯ."

"ಯಾರ ಮೇಲಾದ್ರೂ ಅನುಮಾನ?"

"ನನಗ್ಯಾರಿದ್ದಾರೆ? ಅಕ್ಕ ಹೋದ ವರ್ಷ ತೀರ್ಕೊಂಡ್ಲು. ಭಾವನ ಮುಖ ನೋಡೋದು ಅವತ್ತೇ ಬಿಟ್ಟೆ."

ದೆವ್ವದ ಹೆಸರಲ್ಲಿ ಎಫ್‌ಐಆರ್ ಹಾಕೋಣವೇ ಎಂದು ಠಾಣೆಯ ಬರಹಗಾರ ಹಲ್ಲು ಕಿರಿದ. ಇನ್ಸ್‌ಪೆಕ್ಟರ್ ನಗಲಿಲ್ಲ. ಅತಿಕ್ರಮ ಪ್ರವೇಶದ ಎಫ್‌ಐಆರ್ ಬರೆಸಿ, ಮಹಿಳಾ ಪೇದೆಯನ್ನು ಜೊತೆಗೆ ಕರೆದುಕೊಂಡು ಹೊರಟರು. ಅವಳಿಗೂ ನಗು ಬರಲಿಲ್ಲ. ಬಾಡಿಗೆ ಕೋಣೆಯಲ್ಲಿ ಅವಳೂ ಒಬ್ಬಳೇ ಇರುವವಳು.

ದರ್ಜಿ ಹೆಂಗಸಿನ ಮನೆಯಲ್ಲಿ ಪಂಚನಾಮೆ ನಡೆಯಿತು. ತೆಳು ಪ್ಲೈವುಡ್ ಬಾಗಿಲು, ಸವೆದು ಸಡಿಲವಾದ ಕಬ್ಬಿಣದ ಚಿಲಕ. ಪೇದೆಯ ಬೆರಳಲ್ಲಿದ್ದ ಗುಂಡುಸೂಜಿ ಚಿಲಕಕ್ಕೆ ತಾಗಿ ಅಲ್ಲೇ ಅಂಟಿತು. ಹೊರಗಡೆ ನೀಲಿ ಬಣ್ಣದ ಮೇಲೆ ಜೋಡಿ ಗೀರುಗಳಿದ್ದವು, ಅವುಗಳಲ್ಲಿ ಕಬ್ಬಿಣದ ಪುಡಿ.

ಪಕ್ಕದ ಬೀದಿಯಲ್ಲಿ ತಗಡು ಕತ್ತರಿಸುವ ಕಾರ್ಖಾನೆ. ಅಲ್ಲಿನ ಮೇಸ್ತ್ರಿ ಗೀರಿನ ಅಳತೆ ನೋಡಿದವನೇ ಗೂಟದಿಂದ ಒಂದು ಸಾಮಾನು ಇಳಿಸಿದ. ಇಸ್ತ್ರಿ ಪೆಟ್ಟಿಗೆಯಷ್ಟು ದೊಡ್ಡದು. ಮೇಲೆ ಹಿಡಿ, ಪಕ್ಕದಲ್ಲಿ ಲಿವರ್, ಅಡಿಯಲ್ಲಿ ಉಕ್ಕಿನ ಎರಡು ಪಟ್ಟಿ.

"ತಗಡು ಎತ್ತೋ ಆಯಸ್ಕಾಂತ ಸಾರ್. ಒಳಗೆ ಎರಡಿವೆ. ಒಂದು ಅಲುಗಾಡಲ್ಲ, ಇನ್ನೊಂದು ಲಿವರ್ ಜೊತೆ ತಿರುಗುತ್ತೆ. ಹೀಗಿಟ್ರೆ ಒಂದರ ಬಲ ಇನ್ನೊಂದು ನುಂಗಿ ಸುಮ್ಮನಿರುತ್ತೆ, ಚೀಲದಲ್ಲಿ ಹಾಕ್ಕೊಂಡು ಹೋಗಬಹುದು. ಹೀಗೆ ತಿರುಗಿಸಿದ್ರೆ ಎರಡೂ ಸೇರಿ ಪಟ್ಟಿಗಳಿಂದ ಕಚ್ಚುತ್ತೆ."

"ಮರದ ಆಚೆಗಿರೋದನ್ನ?"

"ನಡುವೆ ಕಾಗದ ಬಂದ್ರೂ ಬಲ ಇಳಿಯುತ್ತೆ. ಎತ್ತೋಕಾಗಲ್ಲ. ಮರ ತೆಳುವಾಗಿದ್ರೆ, ಸಡಿಲ ಇದ್ದದ್ದನ್ನ ಎಳೀಬಹುದು."

"ಯಾರು ಬಳಸ್ತಾರೆ?"

"ಎಲ್ಲರೂ. ಊಟದ ಬಿಡುವಲ್ಲಿ ಯಾರು ತಗೊಂಡು ಹೋದ್ರೂ ಗೊತ್ತಾಗಲ್ಲ."

ಮರುದಿನ ಊಟದ ಬಿಡುವಿಗೆ ಮೊದಲೇ ಇನ್ಸ್‌ಪೆಕ್ಟರ್ ಹಿತ್ತಲಿನ ನೀರಿನ ತೊಟ್ಟಿಯ ಮರೆಯಲ್ಲಿ ನಿಂತರು. ಪೇದೆ ಒಳಗೆ, ಚಿಲಕದ ಪಕ್ಕ ನಿಂತು ಕಣ್ಸನ್ನೆ ಮಾಡಿದಳು. ದರ್ಜಿ ಹೆಂಗಸು ಮಿಷನ್ ನಿಲ್ಲಿಸಿದಳು.

ಮನೆ ಬಿಕೋ ಎಂದಿತು. ಹೊರಗೆ ಒಂದು ಹೆಜ್ಜೆ. ಬಾಗಿಲಿಗೆ ಏನೋ ತಾಗಿ ಟಕ್ ಎಂದಿತು.

ಚಿಲಕ ನಡುಗಿತು. ಬೆರಳಗಲ ಸರಿಯಿತು. ನಿಂತು, ಮತ್ತೆ ಸರಿಯಿತು. ಅದು ಆಯಸ್ಕಾಂತವೆಂದು ಪೇದೆಗೆ ಗೊತ್ತಿತ್ತು, ನಿನ್ನೆಯಷ್ಟೇ ಪಾಠ ಹೇಳಿಸಿಕೊಂಡು ಬಂದಿದ್ದಳು. ಆದರೂ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದಳು. ಚಿಲಕ ಹಿಡಿದಳು, ಆಚೆ ಬದಿಯವನು ಅವಳ ಕೈಯ ವಿರುದ್ಧವೇ ಎಳೆಯುತ್ತಿದ್ದ. ಆಗ ಬಾಗಿಲ ಸಂದಿಯಲ್ಲಿ ಒಂದು ಪಿಸುದನಿ ಕೇಳಿಸಿತು.

"ತಾಯಿ... ಎದ್ದಿದ್ದೀಯಾ?"

ಪೇದೆ ಬಾಗಿಲನ್ನು ಧಡಾರನೆ ತೆರೆದಳು. ಇನ್ಸ್‌ಪೆಕ್ಟರ್ ಆಗಲೇ ಅವನ ರಟ್ಟೆ ಹಿಡಿದಿದ್ದರು.

"ಭಾವ!" ಎಂದಳು ದರ್ಜಿ ಹೆಂಗಸು.

ಆಯಸ್ಕಾಂತವನ್ನು ಪಂಚರ ಮುಂದೆ ಜಪ್ತಿ ಮಾಡಿ, ಅವನನ್ನು ಬಂಧಿಸಿ ಠಾಣೆಗೆ ತಂದರು. ಹೇಳಿಕೆಯನ್ನು ಪೇದೆಯೇ ಬರೆದುಕೊಂಡಳು. ಅಕ್ಕತಂಗಿಯರಿಬ್ಬರಿಗೂ ಮೂರ್ಛೆ ರೋಗ. ಅಕ್ಕ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಬಿದ್ದಿದ್ದಳು. ಅವನು ಬಾಗಿಲು ಒಡೆಯುವಷ್ಟರಲ್ಲಿ ಉಸಿರಿರಲಿಲ್ಲ. ಬೇಗ ಒಡೆಯಲಿಲ್ಲವೆಂದು ನಾದಿನಿ ಇವನಿಗೆ ಬಾಗಿಲು ಮುಚ್ಚಿದಳು. ಅಂದಿನಿಂದ ತಗಡು ಕಾರ್ಖಾನೆಯ ಕೆಲಸದ ನಡುವಿನ ಊಟದ ಬಿಡುವಲ್ಲಿ ಇವನು ಅವಳ ಹಿತ್ತಲಲ್ಲಿ ನಿಂತು ಮಿಷನ್ ಸದ್ದು ಕೇಳುತ್ತಿದ್ದ. ಸದ್ದು ನಿಂತರೆ ಜೀವ ಹಾರಿಹೋಗುತ್ತಿತ್ತು. ಚಿಲಕ ಸರಿಸಿ, ಇಣುಕಿ, ಅವಳು ಉಸಿರಾಡುವುದು ಕಂಡರೆ ಓಡಿಬಿಡುತ್ತಿದ್ದ.

ದರ್ಜಿ ಹೆಂಗಸು ಮೇಜಿನ ಮೇಲಿದ್ದ ಆಯಸ್ಕಾಂತವನ್ನೇ ನೋಡುತ್ತಿದ್ದಳು.

"ಅಕ್ಕನ ಬಚ್ಚಲ ಬಾಗಿಲೂ ಪ್ಲೈವುಡ್ಡೇ ಅಲ್ವಾ ಭಾವ? ಅವತ್ತು ಇದು ಇರ್ಲಿಲ್ವಾ?"

"ಇತ್ತು," ಎಂದ ಅವನು. "ಬೆಳಿಗ್ಗೆಯೆಲ್ಲ ಇದರಲ್ಲೇ ತಗಡು ಎತ್ತಿದ್ದೆ. ಚೀಲದಲ್ಲೇ ಇತ್ತು. ಹೊಳೀಲೇ ಇಲ್ಲ."

ಅವಳು ಆಗ ಕುರ್ಚಿಯಲ್ಲಿ ಕೂತಳು.